ಯಾರ ನಾಲಿಗೆ, ಯಾರ ರುಚಿ?

ಕಳೆದ ಬೇಸಿಗೆಯಲ್ಲಿ ಒಂದು ಸಭೆಗೆಂದು ನಾವು ಐದು ಮಂದಿ ಬೆಂಗಳೂರಿಗೆ ಹೋಗಿದ್ದೆವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ತಾಲ್ಲೂಕಿಗೊಬ್ಬರು. ಇಬ್ಬರು ಹಳ್ಳಿ ಶಾಲೆಯ ಮೇಷ್ಟ್ರು, ಒಬ್ಬ ಕಾಲೇಜು ಹುಡುಗ, ಉಳಿದಿಬ್ಬರು ಸಂಘಟನೆಯ ಕೆಲಸಕ್ಕೆ ಊರೂರು ಅಲೆಯುವವರು. ಸಭೆ ಮುಗಿದ ಮೇಲೆ ನಮ್ಮ ಕೇರಿಯ ಹುಡುಗನೊಬ್ಬ ಹುಡುಕಿಕೊಂಡು ಬಂದ. ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಮಾರುವ ಒಂದು ಹೋಟೆಲಿನಲ್ಲಿ ಅವನು ಟ್ಯಾಂಕು ತೊಳೆಯುವ ಕೆಲಸಕ್ಕಿದ್ದಾನೆ. "ಬರ್ರಿ ಅಣ್ಣಾ, ನಾ ದುಡಿಯೋ ಜಾಗ ನೋಡ್ರಿ. ಒಂದೊಂದು ಗ್ಲಾಸು ನನ್ನ ಲೆಕ್ಕ" ಅಂದ. ಹೋದೆವು. ನಮ್ಮನ್ನು ಕೂಡಿಸಿ ಅವನು ಹಿಂದಿನ ಬಾಗಿಲಿಗೆ ಹೊರಟುಹೋದ. ಕೆಲಸದವರು ಗಿರಾಕಿಗಳ ಮೇಜಿಗೆ ಕೂಡುವ ಹಾಗಿಲ್ಲವಂತೆ.

ಆ ಸಂಜೆ ಅಲ್ಲಿ ಬಿಯರಿನ 'ರುಚಿ ನೋಡುವ' ಕಾರ್ಯಕ್ರಮ ನಡೆದಿತ್ತು. ಉದ್ದನೆಯ ಮೇಜು, ಒಬ್ಬೊಬ್ಬರ ಮುಂದೆ ಸಣ್ಣ ಸಣ್ಣ ಗ್ಲಾಸು, ಒಂದು ಹಾಳೆ, ಒಂದು ಪೆನ್ಸಿಲ್ಲು. ಪರೀಕ್ಷೆಗೆ ಕೂತ ಮಕ್ಕಳ ಹಾಗೆ ದೊಡ್ಡ ದೊಡ್ಡ ನೌಕರಿಯವರು ಕೂತಿದ್ದರು. ಹಾಳೆಯ ಮೇಲೆ ಅಂಕದ ಲೆಕ್ಕ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಅದು ಕೂರುವ ರೀತಿಗೆ 5, ಒಟ್ಟು ಅಭಿಪ್ರಾಯಕ್ಕೆ 10. ಕೂಡಿಸಿದರೆ 50. ಇದು 1985ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಬಿಯರ್ ತೀರ್ಪುಗಾರರ ಸಂಘದ ಅಂಕಪಟ್ಟಿ. ನಮಗೂ ಒಂದು ಹಾಳೆ ಸಿಕ್ಕಿತು.

ಈ ಬರಹ ಆ ಹಾಳೆಯ ಮೇಲೆ. ಕುಡಿತದ ಮೇಲೆ ಉಪದೇಶ ಮಾಡಲು ನಾವು ಮಠದವರಲ್ಲ. ಕುಡಿತವನ್ನು ಹೊಗಳಲು ಕಂಪನಿಯವರೂ ಅಲ್ಲ. ಯಾರ ನಾಲಿಗೆಗೆ ಬೆಲೆಯಿದೆ, ಯಾರ ನಾಲಿಗೆಗೆ ಇಲ್ಲ ಎಂಬುದು ನಮ್ಮ ಪ್ರಶ್ನೆ.

*

ಮೊದಲು ಆ ಗ್ಲಾಸಿನಲ್ಲಿ ಏನಿತ್ತು ಎಂದು ಹೇಳಿಬಿಡೋಣ. ಅದು ಲಾಗರ್. ಜರ್ಮನ್ ಮಾತಿನಲ್ಲಿ ಲಾಗರ್ ಅಂದರೆ ಉಗ್ರಾಣ, ಕೂಡಿಡುವ ಜಾಗ. ಬಾರ್ಲಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ ಬಿಸಿನೀರಿಗೆ ಹಾಕಿ ಸಿಹಿನೀರು ಇಳಿಸುತ್ತಾರೆ. ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ ಕುದಿಸುತ್ತಾರೆ. ಆರಿಸಿ ಈಸ್ಟ್ ಬಿಡುತ್ತಾರೆ. ಲಾಗರಿನ ಈಸ್ಟಿಗೆ ಚಳಿ ಬೇಕು. ಹತ್ತು ಡಿಗ್ರಿಯ ಆಸುಪಾಸಿನಲ್ಲಿ ಅದು ನಿಧಾನಕ್ಕೆ ಹುದುಗುತ್ತದೆ. ಆಮೇಲೆ ಸೊನ್ನೆ ಡಿಗ್ರಿಯ ಹತ್ತಿರ ವಾರಗಟ್ಟಲೆ ಮಲಗಿಸಬೇಕು. 1842ರಲ್ಲಿ ಬೊಹೀಮಿಯದ ಪಿಲ್ಸೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಎಂಬ ಕಸುಬುದಾರ ಬಂಗಾರದ ಬಣ್ಣದ ಲಾಗರನ್ನು ಇಳಿಸಿದ. ಇವತ್ತು ಲೋಕದಲ್ಲಿ ಕುಡಿಯುವ ಬಿಯರಿನ ಬಹುಪಾಲು ಅದರ ಸಂತಾನವೇ. ಪಿಲ್ಸೆನ್ನಿನ ನೀರು ಬಹಳ ಮೆದು, ಉಪ್ಪಿನಂಶ ಕಡಿಮೆ. ಆ ನೀರಿನಿಂದಲೇ ಆ ರುಚಿ ಎನ್ನುತ್ತಾರೆ.

ಇದನ್ನು ಕೇಳುತ್ತ ನಮಗೆ ನಗು ಬಂತು. ಮೊಳಕೆ ಕಟ್ಟುವುದು, ಒಣಗಿಸುವುದು, ಬೀಸುವುದು, ಹುಳಿ ಬರಿಸುವುದು, ಅಂಬಲಿ ಕಾಸುವುದು ನಮ್ಮವ್ವಂದಿರಿಗೆ ಗೊತ್ತಿಲ್ಲದ ವಿದ್ಯೆಯೆ? ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ತರಿಸಿದ ಕೈಗಳಿಗೆ ಯಾರೂ 'ಕ್ರಾಫ್ಟ್' ಎಂಬ ಹೆಸರು ಕೊಡಲಿಲ್ಲ. ಬೆಂಗಳೂರಿನಲ್ಲಿ 2010ರ ಸುಮಾರಿಗೆ ಸಣ್ಣ ಬ್ರೂವರಿಗಳಿಗೆ ಬಾಗಿಲು ತೆರೆದ ಮೇಲೆ ಇದೇ ಕೆಲಸ ಕಲೆ ಆಯಿತು, ಗಾಜಿನ ಗೋಡೆಯ ಹಿಂದೆ ತಾಮ್ರದ ಹಂಡೆ ಇಟ್ಟು ತೋರಿಸುವ ವಸ್ತು ಆಯಿತು. ಯಾರ ಕೈಯಲ್ಲಿದೆ ಎಂಬುದರ ಮೇಲೆ ಕಸುಬು ಕೀಳೋ ಮೇಲೋ ಆಗುವುದು ಈ ದೇಶದ ಹಳೆಯ ರೋಗ.

ಇನ್ನು ರುಚಿಯ ಮಾತು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು. ಬಣ್ಣ ಮಾಗಿದ ನವಣೆ ತೆನೆಯ ಹಾಗೆ. ಆಚೆ ಹಿಡಿದ ಬೆರಳು ಕಾಣುವಷ್ಟು ತಿಳಿ. ನೊರೆ ಬಿಳಿ, ಎಮ್ಮೆ ಕರೆದ ಚೊಂಬಿನ ಮೇಲೆ ನಿಲ್ಲುವಂಥದು, ಕುಡಿಯುತ್ತ ಹೋದಂತೆ ಗ್ಲಾಸಿಗೆ ಉಂಗುರ ಬಿಡುತ್ತ ಇಳಿಯಿತು. ಮೂಗಿಗೆ ಮೊದಲು ಬಂದದ್ದು ಹೆಂಚಿನ ಮೇಲಿನ ರೊಟ್ಟಿಯ ವಾಸನೆ, ಆಮೇಲೆ ಹಸಿ ಹುಲ್ಲು. ಬಾಯಿಗೆ ಮೊದಲು ಸಣ್ಣ ಸಿಹಿ, ಹಿಂದಿನಿಂದ ಕಹಿ. ಬೇವಿನ ಕಹಿಯಲ್ಲ, ಮೆಂತ್ಯದ ಕಹಿ. ನುಂಗಿದ ಮೇಲೆ ಬಾಯಿ ಒಣಗಿದ ಹಾಗಾಗಿ ಇನ್ನೊಂದು ಗುಟುಕು ಕೇಳುತ್ತದೆ. ಒಳ್ಳೆಯ ಲಾಗರಿನ ಗುಣ ಅದೇ ಅಂತೆ: ಮುಚ್ಚಿಡಲು ಏನೂ ಇಲ್ಲ, ತಪ್ಪಿದ್ದರೆ ತಕ್ಷಣ ಗೊತ್ತಾಗುತ್ತದೆ. ಆ ಹುಡುಗ ಟ್ಯಾಂಕನ್ನು ಸರಿಯಾಗಿ ತೊಳೆಯದಿದ್ದರೆ ಆ ರುಚಿ ಇರುತ್ತಿರಲಿಲ್ಲ. ಹಾಳೆಯಲ್ಲಿ ಅವನಿಗೊಂದು ಕಾಲಂ ಇರಲಿಲ್ಲ.

ನಾವು ವಾಸನೆಯ ಜಾಗದಲ್ಲಿ 'ಜೋಳದ ರೊಟ್ಟಿ' ಎಂದು ಬರೆದೆವು. ರುಚಿ ಹೇಳಿಕೊಡುತ್ತಿದ್ದವನು ಸಭ್ಯ ಮನುಷ್ಯ, ಬಗ್ಗಿ ನೋಡಿ, "ಬಿಸ್ಕೆಟ್ ಅಂತ ಬರೀಬಹುದು ಸಾರ್" ಎಂದ. ಎರಡನೆಯ ಗ್ಲಾಸು ಬಂತು. ಅದರಲ್ಲಿ ಬೇಯಿಸಿದ ಮೆಕ್ಕೆಜೋಳದ ವಾಸನೆ ಇತ್ತು. ಹರಪನಹಳ್ಳಿಯ ನಮ್ಮ ಮೇಷ್ಟ್ರು ಖುಷಿಯಾಗಿ, "ನಮ್ಮ ಹೊಲದ ವಾಸನೆ ಐತಲ್ಲೋ, ಚಲೋ ಐತೆ" ಎಂದು 12ಕ್ಕೆ 11 ಕೊಟ್ಟರು. "ಇಲ್ಲ ಸಾರ್, ಅದು ದೋಷ, ಅಂಕ ಕಳೀಬೇಕು" ಎಂದ ಅವನು.

ವಿಜ್ಞಾನದ ಮಾತಿನಲ್ಲಿ ಅವನೇ ಸರಿ. ಆ ವಾಸನೆ ಡೈಮೀಥೈಲ್ ಸಲ್ಫೈಡ್ ಎಂಬ ವಸ್ತುವಿನದು. ಅದರ ಮೂಲ ಬಾರ್ಲಿಯ ಮೊಳಕೆಯಲ್ಲೇ ಇರುತ್ತದೆ. ಮುಚ್ಚಳ ತೆಗೆದು ಜೋರಾಗಿ ಕುದಿಸಿದರೆ ಆವಿಯಾಗಿ ಹೋಗುತ್ತದೆ, ಸೋಮಾರಿತನ ಮಾಡಿದರೆ ಉಳಿಯುತ್ತದೆ. ಬೆಣ್ಣೆಯ ವಾಸನೆ ಬಂದರೆ ಈಸ್ಟಿಗೆ ಕೆಲಸ ಮುಗಿಸಲು ಸಮಯ ಕೊಟ್ಟಿಲ್ಲವೆಂದು ಅರ್ಥ. ಒದ್ದೆ ರಟ್ಟಿನ ವಾಸನೆಯಾದರೆ ಗಾಳಿ ತಾಗಿ ಹಳತಾಗಿದೆ. ಬಾಟಲಿಗೆ ಬಿಸಿಲು ಬಿದ್ದರೆ ಕೆಟ್ಟ ನಾತ. ಇದೆಲ್ಲ ಕಲಿಯಬೇಕಾದ ವಿದ್ಯೆಯೇ, ನಾವು ಕಲಿತೆವು. ನಮ್ಮ ತಕರಾರು ವಿಜ್ಞಾನದ ಮೇಲಲ್ಲ. ಅವರ ನಾಲಿಗೆಗೆ ಒಂದು ತೊಟ್ಟು ಕೆಟ್ಟ ವಾಸನೆ ಬರಬಾರದೆಂದು ಇಷ್ಟು ಶಾಸ್ತ್ರ, ಇಷ್ಟು ಪಹರೆ. ನಮ್ಮ ಅಪ್ಪಂದಿರ ನಾಲಿಗೆಗೆ ಈ ರಾಜ್ಯ ಏನನ್ನು ಸುರಿಯಿತು ಎಂದು ಯಾವ ಹಾಳೆಯಲ್ಲಿ ಯಾರು ಅಂಕ ಹಾಕಿದರು?

*

ಆದ್ದರಿಂದ ಆ ಹಾಳೆಯನ್ನು ನಾವು ಊರಿಗೆ ತಂದೆವು. ನಮ್ಮ ಐದು ತಾಲ್ಲೂಕಿನ ಕೇರಿ, ತಾಂಡಾಗಳಲ್ಲಿ ಬೆಳಗಿನ ಐದಕ್ಕೇ ಸಿಗುವ ತೊಂಬತ್ತು ಎಂ.ಎಲ್. ವಿಸ್ಕಿ ಪಾಕೀಟಿಗೆ ಅದೇ ಲೆಕ್ಕದಲ್ಲಿ ಅಂಕ ಹಾಕಿ ನೋಡೋಣ.

ನೋಟ. ನೋಡಲು ಏನಿದೆ? ರಟ್ಟಿನ ಡಬ್ಬಿ, ಮೂಲೆ ಕಚ್ಚಿ ಹರಿದು ಬಾಯಿಗೆ ಹಿಂಡಿಕೊಳ್ಳುತ್ತಾರೆ. ಬಣ್ಣ ಕಾಣುವುದೇ ಇಲ್ಲ. 3ಕ್ಕೆ ಸೊನ್ನೆ.

ವಾಸನೆ. ವಿಸ್ಕಿ ಎಂದು ಬರೆದಿರುತ್ತಾರೆ. ಈ ದೇಶದ ಅಗ್ಗದ ವಿಸ್ಕಿಯಲ್ಲಿ ಇರುವುದು ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್ಟು, ಮೇಲೆ ಬಣ್ಣ, ಮೇಲೆ ವಾಸನೆ. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ತಾಂಡಾಗಳ ಜನ ಮಕ್ಕಳುಮರಿ ಕಟ್ಟಿಕೊಂಡು ಮಂಡ್ಯದ ಕಡೆಗೆ, ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಕಬ್ಬು ಗಾಣಕ್ಕೆ ಹೋಗುತ್ತದೆ. ಸಕ್ಕರೆ ಪೇಟೆಗೆ, ಕಾಕಂಬಿ ಡಿಸ್ಟಿಲರಿಗೆ. ಇವರು ಕೂಲಿ ತೆಗೆದುಕೊಂಡು ಊರಿಗೆ ಬರುವ ಹೊತ್ತಿಗೆ ಇವರು ಕಡಿದ ಕಬ್ಬೂ ಪಾಕೀಟಾಗಿ ತಾಂಡಾದ ಕಿರಾಣಿ ಅಂಗಡಿಗೆ ಬಂದು ಕಾಯುತ್ತಿರುತ್ತದೆ. ಕಡಿದದ್ದಕ್ಕೆ ಸಿಕ್ಕ ಕೂಲಿ ಕುಡಿದದ್ದಕ್ಕೆ ಹೋಗುತ್ತದೆ. ಇದರ ವಾಸನೆ ನಮಗೆ ಚೆನ್ನಾಗಿ ಗೊತ್ತು. ಬಂಡವಾಳಶಾಹಿಯ ವಾಸನೆ ಅದು. 12ಕ್ಕೆ ಸೊನ್ನೆ.

ರುಚಿ. ರುಚಿ ನೋಡಿ ಕುಡಿಯುವವನು ಅದನ್ನು ಕುಡಿಯುವುದೇ ಇಲ್ಲ. ಚಾಕಣದಾಗ ಉಪ್ಪಿನಕಾಯಿ ಯಾಕೆ ನೆಕ್ಕುತ್ತಾರೆ? ರುಚಿಯನ್ನು ಮರೆಯುವುದಕ್ಕೆ. ಮೈನೋವು ಮರೆಯಬೇಕು, ನಿದ್ದೆ ಬರಬೇಕು, ಅಷ್ಟೇ. 20ಕ್ಕೆ ಸೊನ್ನೆ.

ಬಾಯಿಗೆ ಹೇಗೆ ಕೂರುತ್ತದೆ? ಉರಿಯುತ್ತದೆ. ಬರಿಹೊಟ್ಟೆಗೆ ಬಿದ್ದರೆ ಇನ್ನೂ ಉರಿ. ಒಟ್ಟು ಅಭಿಪ್ರಾಯವನ್ನು ಕುಡಿದವನ ಬಳಿ ಕೇಳಬೇಡಿ, ಅವನ ಹೆಂಡತಿಯನ್ನು ಕೇಳಿ. "ನಮ್ಮನೆಯಾತ ಸತ್ತು ಮೂರು ವರ್ಷ ಆತು ಯಪ್ಪಾ, ಅಂಗಡಿ ಮಾತ್ರ ಹಂಗೇ ಐತೆ" ಎಂದಳು ಕೂಡ್ಲಿಗಿ ಕಡೆಯ ಒಬ್ಬ ತಾಯಿ. ಆಕೆಯ ವಯಸ್ಸು ಮೂವತ್ತು ದಾಟಿಲ್ಲ.

ಪರಮ ನಾಚಿಕೆಯ ಸಂಗತಿಯೊಂದಿದೆ. ಐವತ್ತಕ್ಕೆ ಸೊನ್ನೆ ತೆಗೆದುಕೊಂಡ ಈ ಪಾಕೀಟೇ ಈ ರಾಜ್ಯದ ಬೊಕ್ಕಸವನ್ನು ಹೊತ್ತಿರುವವರಲ್ಲಿ ಒಂದು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟರು. ದಿನಕ್ಕೆ ಸುಮಾರು 110 ಕೋಟಿ. ಸಾಕ್ಷರತೆಗೆ ಗುರಿ ಇಡುವ ಸರ್ಕಾರ ಕುಡಿತಕ್ಕೂ ಗುರಿ ಇಡುತ್ತದೆ. ಸಂವಿಧಾನದ 47ನೆಯ ವಿಧಿ ಮಾದಕ ಪಾನೀಯಗಳನ್ನು ನಿಷೇಧಿಸಲು ರಾಜ್ಯ ಪ್ರಯತ್ನಿಸಬೇಕೆಂದು ಹೇಳುತ್ತದೆ. ಅದೇ ವಿಧಿಯ ಮೊದಲ ಸಾಲಿನಲ್ಲಿ ಜನರ ಪೌಷ್ಟಿಕತೆ, ಜೀವನಮಟ್ಟ ಎತ್ತುವ ಮಾತಿದೆ. ಎರಡನ್ನೂ ಒಟ್ಟಿಗೆ ಮರೆತಿದ್ದಾರೆ.

*

ಈಗ ನಮ್ಮ ಜನ ಯಾಕೆ ಕುಡಿದರು ಎಂಬ ಪ್ರಶ್ನೆ. ಊರ ಗೌಡರು, ಶಾನುಭೋಗರು, ಅವರ ಮಕ್ಕಳಾದ ಇಂದಿನ ಅಧಿಕಾರಿಗಳು ಒಂದೇ ಉತ್ತರ ಹೇಳುತ್ತಾರೆ: "ಆ ಜನಾನೇ ಹಂಗ."

ನಾವು ಹೇಳುತ್ತೇವೆ, ಗ್ಲಾಸಿನ ಕತೆ ಕೇಳಿ. ಬೆಂಗಳೂರಿನ ಆ ಹೋಟೆಲಿನಲ್ಲಿ ಒಂದೊಂದು ಬಗೆಯ ಬಿಯರಿಗೆ ಒಂದೊಂದು ಆಕಾರದ ಗ್ಲಾಸು. ಲಾಗರಿಗೆ ಎತ್ತರದ ತೆಳು ಗ್ಲಾಸು, ಗೋಧಿ ಬಿಯರಿಗೆ ನಡು ಸಣ್ಣಗಾಗಿ ಬಾಯಿ ಅಗಲದ್ದು. ನಮಗೂ ಬೇರೆ ಗ್ಲಾಸು ಗೊತ್ತು ಸ್ವಾಮಿ! ನಮ್ಮ ಹಳ್ಳಿಗಳ ಚಹಾದಂಗಡಿಯಲ್ಲಿ ನಮಗೆಂದೇ ಬೇರೆ ಲೋಟ ಇತ್ತು. ಗೋಡೆಯ ಗೂಡಿನಲ್ಲಿ, ಸೂರಿನ ತುದಿಗೆ ಸಿಕ್ಕಿಸಿದ ಲೋಟ. ನಾವೇ ತೆಗೆದುಕೊಳ್ಳಬೇಕು, ಮೇಲಿನಿಂದ ಹಾಕಿಸಿಕೊಳ್ಳಬೇಕು, ನಾವೇ ತೊಳೆದು ಅಲ್ಲೇ ಸಿಕ್ಕಿಸಬೇಕು. ಕೆಲವು ಕಡೆ ಲೋಟವೂ ಇಲ್ಲ, ಕೊಬ್ಬರಿ ಚಿಪ್ಪು. ಅದನ್ನು ಪ್ರಶ್ನಿಸಿದ್ದಕ್ಕೆ ಎಷ್ಟು ಹೊಡೆದಾಟ, ಎಷ್ಟು ಬಹಿಷ್ಕಾರ! ಈಗ ಪ್ಲಾಸ್ಟಿಕ್ ಕಪ್ಪು, ಪೇಪರ್ ಕಪ್ಪು ಬಂದಿದೆ. ಎಲ್ಲರಿಗೂ ಕುಡಿದು ಬಿಸಾಡುವ ಕಪ್ಪು ಕೊಟ್ಟರೆ ಯಾರ ಎಂಜಲನ್ನೂ ಯಾರೂ ತೊಳೆಯಬೇಕಿಲ್ಲ. ಅಸ್ಪೃಶ್ಯತೆ ಹೋಗಲಿಲ್ಲ, ಕಪ್ಪಿನೊಳಗೆ ಅವಿತುಕೊಂಡಿತು.

ಆ ಕಾಲದಲ್ಲಿ ಊರಿನಲ್ಲಿ ಜಾತಿ ಕೇಳದೆ ಒಳಗೆ ಕರೆದ ಜಾಗ ಒಂದೇ. ಸಾರಾಯಿ ಅಂಗಡಿ. ನಮ್ಮ ಮುದುಕರೊಬ್ಬರು ಹೇಳಿದರು: "ಹೋಟ್ಲಾಗ ಹೊರಗ ಕುಂದ್ರಿಸಿದ್ರು, ಗುಡ್ಯಾಗ ದೂರ ನಿಂದ್ರಿಸಿದ್ರು, ಸಾಲ್ಯಾಗ ಮೂಲ್ಯಾಗ ಕುಂದ್ರಿಸಿದ್ರು. ಸಾರಾಯಂಗಡ್ಯಾಗ ಮಾತ್ರ ಬಾರೋ ಒಳಗ ಅಂದ್ರು." ಗೆಳೆಯರೆ, ಈ ಮಾತನ್ನು ಎರಡು ಸಲ ಓದಿ. ಮನುಷ್ಯ ಎಂದು ಕರೆಸಿಕೊಳ್ಳಲು ನಮ್ಮ ಅಪ್ಪ ಜೀವವನ್ನೇ ಬೆಲೆ ಕೊಟ್ಟ. ಅವನ ಚಟದಷ್ಟೇ ಈ ಸಮಾಜ ಮುಚ್ಚಿದ ಬಾಗಿಲುಗಳೂ ಅವನನ್ನು ಅಲ್ಲಿಗೆ ನೂಕಿದವು. ಆ ಹುನ್ನಾರ ಅಂಗಡಿಯವನಿಗೆ ಗೊತ್ತಿತ್ತು, ಗುತ್ತಿಗೆದಾರನಿಗೆ ಗೊತ್ತಿತ್ತು. ಅಂಗಡಿ ಕೇರಿಯ ಬಾಯಲ್ಲೇ ಇರುತ್ತಿತ್ತು.

ಕಾನೂನಿನ ಚರಿತ್ರೆಯೂ ಇದಕ್ಕೆ ಸಾಕ್ಷಿ. ನಮ್ಮ ಈ ಸೀಮೆ 1953ರವರೆಗೆ ಮದ್ರಾಸಿಗೆ ಸೇರಿತ್ತು. 1948ಕ್ಕೆ ಮದ್ರಾಸಿನಲ್ಲಿ ಪೂರ್ತಿ ಪಾನನಿಷೇಧ ಬಂತು. ಅರವತ್ತರ ದಶಕದ ಕೊನೆಗೆ ಮೈಸೂರು ರಾಜ್ಯ ನಿಷೇಧವನ್ನು ಕೈಬಿಟ್ಟಿತು, ಸಾರಾಯಿ ಗುತ್ತಿಗೆಯವರ ಕಾಲ ಶುರುವಾಯಿತು. 2003ರಲ್ಲಿ ಮದ್ಯದ ಸಗಟು ವ್ಯಾಪಾರಕ್ಕೆ ಸರ್ಕಾರವೇ ಪಾನೀಯ ನಿಗಮ ಕಟ್ಟಿತು. 2004ರಲ್ಲಿ ರಾಜ್ಯದ ಬಹುಭಾಗದಲ್ಲಿ ಸೇಂದಿ ನಿಂತಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ನಮ್ಮ ಹೆಂಗಸರು ಹಬ್ಬ ಮಾಡಿದರು. ಆದರೆ ಸಾರಾಯಿ ಪಾಕೀಟಿನ ಜಾಗಕ್ಕೆ ವಿಸ್ಕಿ ಪಾಕೀಟು ಬಂದು ಕೂತಿತು, ಬೆಲೆ ಏರಿತು. ಬಡವರ ಕುಡಿತಗಳೆಲ್ಲ ಒಂದೊಂದಾಗಿ ಅಪರಾಧವಾದವು. ಮೂರೇ ವರ್ಷಕ್ಕೆ ಬೆಂಗಳೂರಿನಲ್ಲಿ ತಾಮ್ರದ ಹಂಡೆಗೆ ಲೈಸೆನ್ಸು ಸಿಕ್ಕಿತು. ತಾಂಡಾದಲ್ಲಿ ಕೊಡ ಕಂಡರೆ ದಾಳಿ, ಕೇಸು, ಲಾಠಿ. ಕಳ್ಳಬಟ್ಟಿಯನ್ನು ನಾವು ಸಮರ್ಥಿಸುವುದಿಲ್ಲ, ಅದು ಕುರುಡು ಮಾಡುತ್ತದೆ, ಕೊಲ್ಲುತ್ತದೆ. ಆದರೆ ಒಬ್ಬನ ಹಂಡೆಗೆ ಹೂಮಾಲೆ, ಇನ್ನೊಬ್ಬಳ ಕೊಡಕ್ಕೆ ಬೂಟುಗಾಲು ಅನ್ನುವ ಕಾನೂನನ್ನು ಕಾನೂನು ಎಂದು ಒಪ್ಪುವುದು ಹೇಗೆ?

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ದಕ್ಷಿಣ ಆಫ್ರಿಕದ ಡರ್ಬನ್ ನಗರಸಭೆ 1909ರಲ್ಲಿ ಕರಿಯರಿಗೆ ಜೋಳದ ಬಿಯರ್ ಮಾರುವ ಹಕ್ಕನ್ನು ತಾನೊಬ್ಬನೇ ಇಟ್ಟುಕೊಂಡಿತು. ಹೌದು, ನಮ್ಮ ಜೋಳವೇ. ಮನೆಯಲ್ಲಿ ಬಿಯರ್ ಮಾಡುತ್ತಿದ್ದ ಹೆಂಗಸರ ಗಡಿಗೆಗಳನ್ನು ಪೊಲೀಸರು ಒಡೆದರು. ನಗರಸಭೆಯ ಬಿಯರ್ ಹಾಲುಗಳಲ್ಲಿ ಗಂಡಸರ ಕೂಲಿ ಕಳೆಯಿತು. ಆ ದುಡ್ಡಿನಲ್ಲೇ ಕರಿಯರನ್ನು ಆಳುವ ಆಡಳಿತ ನಡೆಯಿತು. 1959ರಲ್ಲಿ ಕ್ಯಾಟೊ ಮ್ಯಾನರಿನ ಹೆಂಗಸರು ಕೋಲು ಹಿಡಿದು ಬಿಯರ್ ಹಾಲಿಗೆ ನುಗ್ಗಿ ಗಂಡಸರನ್ನು ಹೊರಗೆ ಅಟ್ಟಿದರು. 1976ರಲ್ಲಿ ಸೊವೆಟೊದ ವಿದ್ಯಾರ್ಥಿಗಳು ಬಂಡೆದ್ದಾಗ ಬಿಯರ್ ಹಾಲುಗಳಿಗೂ ಬೆಂಕಿ ಬಿತ್ತು. ನಮ್ಮನ್ನು ತುಳಿಯುವ ಕಾಲಿಗೆ ಚಪ್ಪಲಿಯನ್ನು ನಮ್ಮ ದುಡ್ಡಿನಲ್ಲೇ ಹೊಲಿಸುವುದು ಆಳುವವರಿಗೆ ಎಲ್ಲ ಕಡೆಯೂ ಗೊತ್ತಿರುವ ವಿದ್ಯೆ.

*

ನಮ್ಮ ಕೂಡ್ಲಿಗಿಗೇ ಬನ್ನಿ. ಗಾಂಧೀಜಿಯ ಚಿತಾಭಸ್ಮವಿಟ್ಟ ಸ್ಮಾರಕ ಈ ಊರಿನಲ್ಲಿದೆ. ವರ್ಷಕ್ಕೆರಡು ಸಲ ಹಾರ ಹಾಕುತ್ತಾರೆ, ಪಾನನಿಷೇಧದ ಭಾಷಣವೂ ಆಗುತ್ತದೆ. ಇದೇ ಊರಿನಲ್ಲಿ 2016ರ ಜೂನ್‌ನಲ್ಲಿ ಡಿವೈಎಸ್‌ಪಿ ಅನುಪಮಾ ಶೆಣೈ ರಾಜೀನಾಮೆ ಕೊಟ್ಟಾಗ ದೇಶದ ಪತ್ರಿಕೆಗಳೆಲ್ಲ ಕೂಡ್ಲಿಗಿಯ ಹೆಸರು ಬರೆದವು. ಅಧಿಕಾರಿ ಯಾರು, ಮಂತ್ರಿ ಯಾರು, ಯಾರು ಯಾರಿಗೆ ಫೋನು ಮಾಡಿದರು ಎಂದು ತಿಂಗಳುಗಟ್ಟಲೆ ಬರೆದರು. ಆ ಗಲಾಟೆಯ ಬೇರಿನಲ್ಲಿದ್ದದ್ದು ಅಂಬೇಡ್ಕರ್ ಭವನಕ್ಕೆ ಹೋಗುವ ದಾರಿ ಮತ್ತು ಅದಕ್ಕೆ ಹತ್ತಿದ ಬಾರಿನ ಕಟ್ಟಡ. ಬಾಬಾಸಾಹೇಬರ ಹೆಸರಿನ ಮನೆಗೆ ಹೋಗಬೇಕಾದರೆ ಬಾರಿನ ಪಕ್ಕ ಹಾಯಬೇಕೆ ಎಂದು ನಮ್ಮ ಜನ ಬೀದಿಗಿಳಿದಿದ್ದರು. ಆ ಪ್ರಶ್ನೆಯನ್ನು ಎಷ್ಟು ಮಂದಿ ಬರೆದರು? ಬಾರು ಸುದ್ದಿಯಾಯಿತು, ದಾರಿ ಸುದ್ದಿಯಾಗಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದೆಂದು ಹೇಳಿತು. ಮುಂದಿನ ವರ್ಷವೇ ಪಟ್ಟಣ ವ್ಯಾಪ್ತಿಗೆ ಸಡಿಲಿಕೆ ಸಿಕ್ಕಿತು. ಹೆದ್ದಾರಿಯ ಕಾರಿಗಿರುವ ಅಳತೆಪಟ್ಟಿ ಕೇರಿಯ ಅಂಗನವಾಡಿಗೆ ಇಲ್ಲವೇಕೆ?

ನೀರಿನ ಮಾತನ್ನೂ ಹೇಳಬೇಕು. ಒಂದು ಲೀಟರ್ ಬಿಯರಿಗೆ ನಾಲ್ಕೈದು ಲೀಟರ್, ಸಣ್ಣ ಬ್ರೂವರಿಯಾದರೆ ಇನ್ನೂ ಹೆಚ್ಚು ನೀರು ಬೇಕು. ಅದರ ಉಪ್ಪು ಸುಣ್ಣ ಅಳೆದು, ಶೋಧಿಸಿ, ಪಿಲ್ಸೆನ್ನಿನ ನೀರಿನಂತೆ ಮೆದು ಮಾಡುತ್ತಾರೆ. ಕೂಡ್ಲಿಗಿ ಕಡೆಯ ಬೋರಿನ ನೀರಿನಲ್ಲಿ ಫ್ಲೋರೈಡ್. ಆ ನೀರು ಕುಡಿದ ಮಕ್ಕಳ ಹಲ್ಲಿನ ಕಂದುಗೆರೆಗಳನ್ನು ಮೇಷ್ಟ್ರುಗಳು ದಿನಾ ನೋಡುತ್ತಾರೆ. ಗ್ಲಾಸಿನ ಬಣ್ಣಕ್ಕೆ 3 ಅಂಕ ಇಟ್ಟವರು ಹಲ್ಲಿನ ಬಣ್ಣಕ್ಕೆ ಎಷ್ಟು ಇಟ್ಟಿದ್ದಾರೆ?

*

ನಮ್ಮ ವಿರುದ್ಧ ಮೂರು ಮಾತು ಬರುತ್ತವೆ ಎಂದು ಗೊತ್ತಿದೆ.

ಒಂದು: "ನೀವೂ ಗಾಂಧಿವಾದಿಗಳಾದಿರಾ? ಕುಡಿಯುವುದು ಅವರವರ ಸ್ವಾತಂತ್ರ್ಯ." ಸ್ವಾತಂತ್ರ್ಯ ಎಂದರೆ ಆಯ್ಕೆ ಇರಬೇಕು. ಹತ್ತು ಬಗೆಯಲ್ಲಿ ಒಂದನ್ನು ಆರಿಸಿ, ಅರ್ಧ ಕುಡಿದು, ಕಾರಿಗೆ ಡ್ರೈವರನ್ನು ಕರೆಸುವವನದು ಸ್ವಾತಂತ್ರ್ಯ. ಕೂಲಿ ಕೊಡುವವನೇ ಅರ್ಧ ಕೂಲಿಯನ್ನು ಪಾಕೀಟಿನಲ್ಲಿ ಕೊಡುವಾಗ ಅದು ಜೀತ. ನಾವು ಪೂರ್ತಿ ನಿಷೇಧದ ಭಜನೆಯನ್ನೂ ಮಾಡುತ್ತಿಲ್ಲ. ಬಿಹಾರದಲ್ಲಿ 2016ರಲ್ಲಿ ಪೂರ್ತಿ ನಿಷೇಧ ತಂದರು, ಜೈಲು ತುಂಬಿದ್ದು ಬಡವರಿಂದ. ಪೊಲೀಸರ ಕೈಗೆ ಕೊಟ್ಟ ಕೋಲು ಮೊದಲು ಬೀಳುವುದು ನಮ್ಮ ಬೆನ್ನಿಗೇ.

ಎರಡು: ನಮ್ಮವೇ ಓದಿದ ಹುಡುಗರ ಮಾತು. "ಅಣ್ಣಾ, ನಾವೂ ಈಗ ದುಡಿತೀವಿ, ಇಂದಿರಾನಗರದಾಗ ಕುಂತು ಅವರ ಸರಿಸಮ ಕುಡಿತೀವಿ. ಇದೂ ಸಮಾನತೆ ಅಲ್ಲೇನು?" ತಮ್ಮಾ, ಕೂತುಕೋ. ಅವರ ಮೇಜಿಗೆ ಕೂಡುವ ಹಕ್ಕು ನಿನಗಿದೆ, ಆ ಹಕ್ಕಿಗಾಗಿಯೇ ಜನ ರಕ್ತ ಸುರಿಸಿದ್ದಾರೆ. ಆದರೆ ಮೇಜಿನ ಮೇಲಿನ ಸಮಾನತೆಯನ್ನು ನೋಡುತ್ತ ಹಿಂದಿನ ಬಾಗಿಲಲ್ಲಿ ಟ್ಯಾಂಕು ತೊಳೆಯುವ ತಮ್ಮನನ್ನು ಮರೆಯಬೇಡ. ಇಂಗ್ಲೆಂಡಿನಲ್ಲಿ 1971ರಲ್ಲಿ ನಾಲ್ಕು ಮಂದಿ ದೊಡ್ಡ ಕಂಪನಿಗಳ ಸಪ್ಪೆ ಬಿಯರಿನ ವಿರುದ್ಧ ಚಳವಳಿ ಕಟ್ಟಿದರು. ಅಲ್ಲಿ ಅದು ಸಾಮಾನ್ಯ ಕುಡುಕನ ಬಂಡಾಯ. ಇಲ್ಲಿಗೆ ಬರುವ ಹೊತ್ತಿಗೆ ಒಂದು ಗ್ಲಾಸಿನ ಬೆಲೆ ಹೆಚ್ಚುಕಡಿಮೆ ಒಂದು ದಿನದ ಕೂಲಿ. ಬಂಡಾಯದ ವೇಷ ಬಂತು, ಬಂಡಾಯ ಬರಲಿಲ್ಲ.

ಮೂರು: ನಮ್ಮ ಮುಖಂಡರೇ ಹೇಳದೆ ನುಂಗುವ ಮಾತು. ಚುನಾವಣೆಯ ಹಿಂದಿನ ರಾತ್ರಿ ಕೇರಿಗೆ ಪಾಕೀಟು ಹಂಚುವವರು ಯಾರು? ಗೌಡನ ಮಗ ಕೇರಿಯೊಳಗೆ ಬರುವುದಿಲ್ಲ. ಬರುವವರು ನಮ್ಮವರೇ, ನೀಲಿ ಶಾಲು ಹೊದ್ದವರೂ ಇದ್ದಾರೆ. ಏಪ್ರಿಲ್ 14ರ ಮೆರವಣಿಗೆಯ ಹಿಂದೆ ತೂರಾಡುವವರು ನಮ್ಮ ತಮ್ಮಂದಿರೇ. ಕುಡಿಯದೆ ಬದುಕಿದ ಬಾಬಾಸಾಹೇಬರ ಪಟದ ಮುಂದೆ ಇದು ನಡೆಯುತ್ತದೆ. ಇದನ್ನು ನಾವೇ ಬರೆಯದಿದ್ದರೆ ಬರೆಯುವವರು ಯಾರು? ದಲಿತ ಸಂಘರ್ಷ ಸಮಿತಿ ಒಂದು ಕಾಲದಲ್ಲಿ ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಎಂದು ಕೇಳಿತ್ತು. ಆ ಬೇಡಿಕೆಯನ್ನು ಯಾವ ಬಾರಿನ ಮೇಜಿನ ಮೇಲೆ ಮರೆತು ಬಂದೆವು?

*

ದಾರಿ ತೋರಿಸಿದವರು ಹೆಂಗಸರು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ರಾತ್ರಿ ಶಾಲೆಗೆ ಅಕ್ಷರ ಕಲಿಯಲು ಬಂದ ಹೆಂಗಸರು ಪಾಠದ ಪುಸ್ತಕದಲ್ಲಿ ತಮ್ಮದೇ ಬಾಳನ್ನು ಓದಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಕಿಡಿ ಆಂಧ್ರಕ್ಕೆಲ್ಲ ಹಬ್ಬಿ 1993ರಲ್ಲಿ ಅಲ್ಲಿ ಸಾರಾಯಿ ನಿಂತಿತು. 2019ರ ಜನವರಿಯಲ್ಲಿ ನಮ್ಮ ರಾಜ್ಯದ ಸಾವಿರಾರು ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ರಾಜಧಾನಿ ಅವರ ಕಾಲಿನ ಬೊಬ್ಬೆ ನೋಡಿತು, ಮಾತು ಕೇಳಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿ ಇಡುತ್ತೇವೆ. ಊರಿನಲ್ಲಿ ಮದ್ಯದಂಗಡಿ ಬೇಕೆ ಬೇಡವೆ ಎಂದು ತೀರ್ಮಾನಿಸುವ ಅಧಿಕಾರ ಹೆಂಗಸರ ಗ್ರಾಮಸಭೆಗೆ ಇರಲಿ, ಅದರ ಮಾತನ್ನು ಅಬಕಾರಿ ಕಚೇರಿ ಮೀರಬಾರದು. ಕಿರಾಣಿ ಅಂಗಡಿ, ಗೂಡಂಗಡಿಯಲ್ಲಿ ನಡೆಯುವ ಅಕ್ರಮ ಮಾರಾಟಕ್ಕೆ ಸರಬರಾಜು ಮಾಡುವ ಲೈಸೆನ್ಸುದಾರನನ್ನು ಮೊದಲು ಹಿಡಿಯಿರಿ, ಆಮೇಲೆ ತಾಂಡಾದ ಮುದುಕಿಯನ್ನು. ಈ ಐದು ತಾಲ್ಲೂಕಿನಿಂದ ವರ್ಷಕ್ಕೆ ಎಷ್ಟು ಮದ್ಯದ ತೆರಿಗೆ ಹೋಗುತ್ತದೆ ಎಂಬ ಲೆಕ್ಕವನ್ನು ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಬರೆಯಿರಿ. ಅದರಲ್ಲಿ ಎಷ್ಟು ಹಾಸ್ಟೆಲಿಗೆ, ಎಷ್ಟು ಕುಡಿಯುವ ನೀರಿಗೆ, ಎಷ್ಟು ಕುಡಿತ ಬಿಡಿಸುವ ಚಿಕಿತ್ಸೆಗೆ ತಿರುಗಿ ಬಂತು ಎಂದು ಪಕ್ಕದಲ್ಲೇ ಬರೆಯಿರಿ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮನವಿ. ಲೆಕ್ಕದ ಪಾಠಕ್ಕೆ ಈ ಲೆಕ್ಕ ಕೊಡಿ: ದಿನಕ್ಕೆ 100 ರೂಪಾಯಿ ಕುಡಿತಕ್ಕೆ ಹೋದರೆ ವರ್ಷಕ್ಕೆ 36,500. ಅಷ್ಟರಲ್ಲಿ ಒಂದು ಮನೆಗೆ ಏನೇನು ಬರುತ್ತಿತ್ತು ಎಂದು ಮಕ್ಕಳೇ ಬರೆಯಲಿ. ಅಪ್ಪನನ್ನು ಹೀಗಳೆಯಲು ಅಲ್ಲ. ಈ ದುಡ್ಡು ಅಪ್ಪನ ಕೈಯಿಂದ ಯಾರ ಕೈಗೆ ಹೋಯಿತು ಎಂದು ತಿಳಿಯಲು.

ಕೊನೆಗೆ ಬೂಸಾದ ಮಾತು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗ ಎಷ್ಟು ಕೂಗಾಟ, ನಮ್ಮ ಹುಡುಗರಿಗೆ ಹಾಸ್ಟೆಲುಗಳಲ್ಲಿ ಎಷ್ಟು ಏಟು ಬಿತ್ತು ಎಂದು ನಮಗೆ ನೆನಪಿದೆ. ಆ ರಾತ್ರಿ ಹೊರಡುವಾಗ ನಮ್ಮ ಹುಡುಗನನ್ನು ನೋಡಲು ಹೋಟೆಲಿನ ಹಿಂದಕ್ಕೆ ಹೋದೆವು. ಸಿಹಿಯೆಲ್ಲ ಬಸಿದುಕೊಂಡ ಬಾರ್ಲಿಯ ಹಿಂಡಿಯನ್ನು ಚೀಲಕ್ಕೆ ತುಂಬುತ್ತಿದ್ದ. "ಇದೇನಪಾ?" ಅಂದೆವು. "ಬೂಸಾ ಅಣ್ಣಾ. ದನಕ್ಕ ಹಾಕಾಕ ಒಯ್ತಾರೆ" ಅಂದ. ಮೈಯೆಲ್ಲ ಹಿಂಡಿಯ ಬಿಸಿ, ಬೆವರು. ಆಮೇಲೆ ಕೇಳಿದ: "ಎಷ್ಟು ಮಾರ್ಕ್ಸ್ ಕೊಟ್ರಿ ಅಣ್ಣಾ, ನಮ್ಮ ಬಿಯರಿಗೆ?"

ನಮ್ಮ ಬಿಯರು ಅಂದ ಅವನು. ಮೇಷ್ಟ್ರು ಹಾಳೆ ತೋರಿಸಿದರು. 50ಕ್ಕೆ 38. ಅವನ ಮುಖ ಅರಳಿತು.

ಆ ಹಾಳೆ ನಮ್ಮ ಬಳಿಯೇ ಇದೆ. ಅದರ ಬೆನ್ನಿಗೆ ಪಾಕೀಟಿನ ಅಂಕಗಳನ್ನೂ ಬರೆದಿದ್ದೇವೆ. ಮುಂದಿನ ಗ್ರಾಮಸಭೆಗೆ ತರುತ್ತೇವೆ. ನೀವೂ ನಿಮ್ಮ ನಿಮ್ಮ ಊರಿನಲ್ಲಿ ಒಂದು ಹಾಳೆ ಬರೆಯಿರಿ, ಕೇರಿಯ ತಾಯಂದಿರನ್ನು ಮುಂದೆ ಕೂಡಿಸಿ ಓದಿಸಿ, ಉತ್ತರ ಕೇಳಿ.